ಬಚ್ಚಲುಮನೆ ನೆಲದಡಿ ಕರೆಂಟ್ ಹೀಟಿಂಗ್ ಮ್ಯಾಟ್: 5×8 ಅಡಿಗೆ ಎಷ್ಟು ಬೇಕು, ಹೇಗೆ ಹಾಕಿಸೋದು?

ವಿದ್ಯಾನಗರ_ಮನೆ

ದಾವಣಗೆರೆಯಲ್ಲಿ ಮೊದಲ ಮಹಡಿಯ ಬಚ್ಚಲುಮನೆ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇವೆ. ಹಳೇ ಟೈಲ್ಸ್ ಕಿತ್ತಾಗಿದೆ, ಅದರಡಿಯ ಗಾರೆ ಇನ್ನೂ ಹಾಗೇ ಇದೆ. ಒಳ ಅಳತೆ 5×8 ಅಡಿ. ಬಾಗಿಲು ಒಂದು ಗಿಡ್ಡ ಗೋಡೆಯಲ್ಲಿ, ಕಮೋಡ್ ಎದುರಿನ ಗಿಡ್ಡ ಗೋಡೆಗೆ. ನಲ್ಲಿ, ಷವರ್ ಎರಡೂ ಎಡಗಡೆಯ ಉದ್ದ ಗೋಡೆಯಲ್ಲಿ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಬಾಯಿ) ಅದೇ ಗೋಡೆಯ ಬುಡದಲ್ಲಿ. ಸ್ಲ್ಯಾಬ್ ಸಂಕನ್ (ತಗ್ಗಿಸಿ ಹಾಕಿದ್ದು), 9 ಇಂಚು ಆಳ, ಇಟ್ಟಿಗೆ ಚೂರು ತುಂಬಿದ್ದಾರೆ.

ಅಮ್ಮನಿಗೆ 74 ವರ್ಷ, ಸಕ್ಕರೆ ಕಾಯಿಲೆ ಇದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನೆಲ ಕಾಲಿಗೆ ಕೊರೆಯುತ್ತದೆ ಅಂತಾರೆ. ಅದಕ್ಕೇ ಟೈಲ್ಸ್ ಅಡಿಗೆ ಹೀಟಿಂಗ್ ಮ್ಯಾಟ್ (ಬಿಸಿಯಾಗುವ ಕೇಬಲ್ ಅಂಟಿಸಿದ ಜಾಲರಿ) ಹಾಕಿಸುವ ಯೋಚನೆ. ಕೇಳಬೇಕಾದ್ದು ಇಷ್ಟು: 40 ಚದರ ಅಡಿಗೂ ಮ್ಯಾಟ್ ತರಬೇಕಾ? ವಾಟರ್‌ಪ್ರೂಫಿಂಗ್ ಮ್ಯಾಟಿನ ಮೇಲೆ ಬರಬೇಕಾ, ಕೆಳಗಾ? ಬೆಸ್ಕಾಂ ಲೋಡ್ 3 ಕಿಲೋವ್ಯಾಟ್ ಇದೆ, ಗೀಸರ್ 2 ಕಿಲೋವ್ಯಾಟ್, ಸಾಕಾಗುತ್ತಾ? ಮೇಸ್ತ್ರಿ ಹೇಳೋದು, "ಗಾರೆ ಹಾಸಿ, ಅದರೊಳಗೆ ಮ್ಯಾಟ್ ಇಟ್ಟು, ಸಿಮೆಂಟ್ ಹಾಲು ಸುರಿದು, ಯಾವಾಗಿನ ಹಾಗೇ ಟೈಲ್ಸ್ ಕೂರಿಸೋಣ" ಅಂತ. ಅದು ಸರಿಯಾ?

ಮೆಗ್ಗರ್_ಮಾಮ

ಸರ್, ಮೊದಲು ಅಳತೆ ವಿಚಾರ, ದುಡ್ಡು ಹಾಳಾಗೋದೇ ಅಲ್ಲಿ. ನೆಲದ ಅಳತೆ ಬೇರೆ, ಮ್ಯಾಟಿನ ಅಳತೆ ಬೇರೆ. 5×8 ಅಡಿ ಅಂದರೆ 1.52×2.44 ಮೀಟರ್, 3.7 ಚದರ ಮೀಟರ್. ಅಷ್ಟಕ್ಕೂ ಮ್ಯಾಟ್ ತಂದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ಉಳಿದದ್ದನ್ನು ಕತ್ತರಿಸುವ ಹಾಗಿಲ್ಲ. ಕೇಬಲ್ ಅಂಟಿಸಿರುವ ಜಾಲರಿಯನ್ನು ಕತ್ತರಿಸಿ ಮ್ಯಾಟನ್ನು ತಿರುಗಿಸಬಹುದು. ಬಿಸಿಯಾಗುವ ಕೇಬಲ್ಲಿಗೆ ಮಾತ್ರ ಕತ್ತರಿ ತಾಗಿಸಬಾರದು. ಅದರ ಉದ್ದ ಕಮ್ಮಿಯಾದರೆ ಓಮ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಕೇಬಲ್ ಸುಡುತ್ತದೆ.

ಕಮೋಡ್ ಅಡಿಗೆ ಹಾಕಬಾರದು, ಅದರ ಸುತ್ತ 10 ಸೆಂಮೀ ಬಿಡಬೇಕು. ಗೋಡೆಯಿಂದ ಕನಿಷ್ಠ 5 ಸೆಂಮೀ ದೂರ. ಕಮೋಡ್ ಗೋಡೆಯಿಂದ 70 ಸೆಂಮೀ ಮುಂದೆ ಬರುತ್ತದೆ ಅಂತ ಹಿಡಿದರೆ ಉದ್ದದಲ್ಲಿ ನಿಮಗೆ ಉಳಿಯೋದು ಸುಮಾರು 1.5 ಮೀಟರ್. ಮ್ಯಾಟ್ ಸಾಮಾನ್ಯವಾಗಿ 50 ಸೆಂಮೀ ಅಗಲ. 1.5 ಮೀಟರಿನ ಎರಡು ಪಟ್ಟಿ ಅಕ್ಕಪಕ್ಕ ಹಾಕಿದರೆ 1.5 ಚದರ ಮೀಟರ್. ಎರಡೂ ಕಡೆ ಗೋಡೆಗೆ 26 ಸೆಂಮೀ ಉಳಿಯುತ್ತದೆ, ಟ್ರ್ಯಾಪ್ ಆ ಪಟ್ಟಿಯೊಳಗೆ ಬಂದುಬಿಡುತ್ತದೆ. ಅಮ್ಮ ನಿಲ್ಲುವ, ಕೂರುವ ಜಾಗ ಪೂರ್ತಿ ಮ್ಯಾಟ್ ಮೇಲೇ.

ಚದರ ಮೀಟರಿಗೆ 150 ವ್ಯಾಟ್ ಸಾಕು. ಹಾಗಾಗಿ ನಿಮ್ಮದು 225 ವ್ಯಾಟ್, ಒಂದು ಆಂಪಿಯರ್ ಕೂಡ ಇಲ್ಲ. ಗೀಸರ್ ಜೊತೆ ಓಡಿದರೂ 3 ಕಿಲೋವ್ಯಾಟಿಗೆ ಏನೂ ಭಾರ ಅಲ್ಲ. ದಿನಕ್ಕೆ 2 ತಾಸು ಅಂದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್. ಗೃಹಜ್ಯೋತಿ ಇದ್ದರೆ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, ತಿಂಗಳ ಒಟ್ಟು 200 ದಾಟಿದರೆ ಪೂರ್ತಿ ಬಿಲ್. ಅಂಚಿನಲ್ಲಿದ್ದರೆ ಲೆಕ್ಕ ಹಾಕಿಕೊಳ್ಳಿ.

ಕೊಳ್ಳುವಾಗ ಎರಡು ನೋಡಿ. ಒಂದು, ಕೇಬಲ್ ಟ್ವಿನ್ ಕೋರ್ ಇರಲಿ. ಆಗ ಒಂದೇ ತುದಿಯಿಂದ ವೈರ್ ಹೊರಗೆ ಬರುತ್ತದೆ. ಸಿಂಗಲ್ ಕೋರ್ ಆದರೆ ಎರಡೂ ತುದಿಯನ್ನು ಥರ್ಮೋಸ್ಟಾಟ್ (ಶಾಖ ನೋಡಿ ಮ್ಯಾಟ್ ಹಚ್ಚಿ ಆರಿಸುವ ಸ್ವಿಚ್) ತನಕ ವಾಪಸ್ ತರಬೇಕು, ಸಣ್ಣ ಬಚ್ಚಲಲ್ಲಿ ಅದು ತಲೆನೋವು. ಎರಡು, ಕೇಬಲ್ ಸುತ್ತ ಲೋಹದ ಹೆಣಿಗೆ ಇರಲೇಬೇಕು, ಅರ್ಥಿಂಗ್ ಆಗೋದು ಅದಕ್ಕೇ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕರೀ ಹಾಳೆಯಂಥ ಕಾರ್ಬನ್ ಫಿಲ್ಮ್ ಒಣ ಕೋಣೆಯ ಮರದ ನೆಲಕ್ಕೆ ಮಾಡಿದ್ದು. ಬಚ್ಚಲಿಗೆ ಬೇಡವೇ ಬೇಡ.

ಡಿಬಿಯಿಂದಲೇ (ಮನೆಯ ಮುಖ್ಯ ಫ್ಯೂಸ್ ಪೆಟ್ಟಿಗೆ) ಪ್ರತ್ಯೇಕ ಲೈನ್ ಎಳೆಸಿ. 1.5 ಚದರ ಮಿಮೀ ವೈರ್ ಸಾಕು, 6 ಆಂಪಿಯರ್ ಡಬಲ್ ಪೋಲ್ ಎಂಸಿಬಿ (ಕರೆಂಟ್ ಹೆಚ್ಚಾದರೆ ಬೀಳುವ ಸ್ವಿಚ್), ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ಎರಡೂ ಸೇರಿದ ಆರ್‌ಸಿಬಿಒ ಹಾಕಿಸಿದರೆ ಡಿಬಿಯಲ್ಲಿ ಜಾಗ ಉಳಿಯುತ್ತದೆ. ನೀರು ನಿಲ್ಲುವ ನೆಲದಡಿ 230 ವೋಲ್ಟ್ ಓಡಿಸುತ್ತಿದ್ದೀರಿ, ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. 100 ಮಿಲಿ ಆಂಪಿಯರಿನದು ಬೆಂಕಿ ತಡೆಯಲಿಕ್ಕೆ, ಮನುಷ್ಯನ ಜೀವಕ್ಕೆ 30ರದ್ದೇ ಆಗಬೇಕು.

ಥರ್ಮೋಸ್ಟಾಟ್ ಬಚ್ಚಲ ಹೊರಗೆ, ಬೆಡ್‌ರೂಮಿನ ಕಡೆಯ ಗೋಡೆಯಲ್ಲಿ. ನಮ್ಮ ಬಚ್ಚಲುಗಳಲ್ಲಿ ಬಕೆಟ್ ಸ್ನಾನ, ನೀರು ಎಲ್ಲಿ ಬೇಕಾದರೂ ಎರಚುತ್ತದೆ, ಒಳಗೆ ಸುರಕ್ಷಿತ ಜಾಗ ಅಂತ ಹುಡುಕುವುದೇ ವ್ಯರ್ಥ. ತುಂಬ ಥರ್ಮೋಸ್ಟಾಟ್‌ಗಳು 86 ಮಿಮೀ ಚೌಕದವು, ನಮ್ಮ ಮಾಡ್ಯುಲರ್ ಬಾಕ್ಸಿಗೆ ಸ್ಕ್ರೂ ತೂತು ಕೂಡುವುದಿಲ್ಲ. ಗೋಡೆ ಕೊರೆಯುವ ಮೊದಲೇ ಹೊಂದುವ ಬಾಕ್ಸ್ ತಂದಿಟ್ಟುಕೊಳ್ಳಿ. ಅಲ್ಲಿಂದ ನೆಲಕ್ಕೆ ಎರಡು ಪೈಪ್ ಇಳಿಸಿ. ಒಂದರಲ್ಲಿ ಮ್ಯಾಟಿನ ವೈರ್, ಇನ್ನೊಂದರಲ್ಲಿ ನೆಲದ ಸೆನ್ಸರ್ ಮಾತ್ರ. ಸೆನ್ಸರ್ ಪೈಪಿನ ತುದಿ ಎರಡು ಕೇಬಲ್ ಸಾಲುಗಳ ನಟ್ಟನಡುವೆ ಬರಲಿ, ಗಾರೆ ನುಗ್ಗದ ಹಾಗೆ ಬಾಯಿ ಮುಚ್ಚಿರಲಿ, ಗೋಡೆಯಿಂದ ನೆಲಕ್ಕೆ ತಿರುಗುವಲ್ಲಿ ಎಲ್ಬೋ ಬೇಡ, ದೊಡ್ಡ ಬಾಗು ಇರಲಿ. ಸೆನ್ಸರ್ ಕೆಟ್ಟರೆ ಎಳೆದು ಹೊಸದು ತೂರಿಸಬಹುದು. ನೇರ ಗಾರೆಯಲ್ಲಿ ಹೂತರೆ ಟೈಲ್ಸ್ ಒಡೆಯಬೇಕು.

ಈಗ ಮ್ಯಾಟ್ ಸರಿಯಿದೆಯಾ ಅಂತ ಮೀಟರಿನಲ್ಲಿ ನೋಡೋದು. 230 ವೋಲ್ಟಿನ ವರ್ಗ 52,900, ಅದನ್ನು 225 ವ್ಯಾಟಿನಿಂದ ಭಾಗಿಸಿದರೆ 235 ಓಮ್. ಮಲ್ಟಿಮೀಟರ್ ಅಷ್ಟು ತೋರಿಸಬೇಕು. 5 ಶೇಕಡಾ ಕಮ್ಮಿ, 10 ಶೇಕಡಾ ಹೆಚ್ಚು ತನಕ ಸರಿ. ಅಂದರೆ 223ರಿಂದ 258. ಕೇಬಲ್ಲಿಗೂ ಹೆಣಿಗೆಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ, 10 ಮೆಗಾ ಓಮ್‌ಗಿಂತ ಮೇಲೆ ಬರಬೇಕು. ಇದನ್ನು ನಾಲ್ಕು ಸಲ ಮಾಡಿ: ಡಬ್ಬಿಯಿಂದ ತೆಗೆದಾಗ, ಹಾಸಿದ ಮೇಲೆ, ಅಂಟು ಬಳಿದ ಮೇಲೆ, ಟೈಲ್ಸ್ ಕೂತ ಮೇಲೆ. ಪ್ರತಿ ಸಲ ಬರೆದಿಡಿ. ಯಾವ ಹಂತದಲ್ಲಿ ಕೆಟ್ಟಿತು ಅಂತ ಗೊತ್ತಾಗೋದು ಆ ಚೀಟಿಯಿಂದ, ಇಲ್ಲದಿದ್ದರೆ ಮೇಸ್ತ್ರಿ ವೈರ್‌ಮನ್ ಮೇಲೆ, ವೈರ್‌ಮನ್ ಅಂಗಡಿಯವನ ಮೇಲೆ.

ಗಾರೆಕೆಲಸ_ದುರ್ಗ

ವೈರಿಂಗ್ ಮೇಲೆ ಬಂತು, ನಾನು ನೆಲದ್ದು ಹೇಳ್ತೀನ್ರಿ. ನಿಮ್ಮ ಮೇಸ್ತ್ರಿ ಹೇಳಿದ್ದು ಬೇಡ್ರಿ. ಎರಡು ಇಂಚು ಗಾರೆ ಒಳಗೆ ಮ್ಯಾಟ್ ಹೂತರೆ ಶಾಖ ಮೇಲೆ ಬರಾಕ ತಾಸುಗಟ್ಟಲೆ ಬೇಕು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಅರೆ ಒಣ ಗಾರೆಯಲ್ಲಿ ಗಾಳಿಗುಳ್ಳೆ ಇರ್ತಾವೆ. ಕೇಬಲ್ ಆ ಗುಳ್ಳೆಯಲ್ಲಿ ಸಿಕ್ಕಿದ ಕಡೆ ಶಾಖ ಹೋಗಾಕ ದಾರಿ ಇಲ್ಲ, ಅಲ್ಲೇ ಕಾದು ಕಾದು ಸಾಯುತ್ತೆ. ಗಾರೆ ಹರವುವಾಗ ಕರಣೆಯ ಮೂಲೆ ತಾಗಿ ಕೇಬಲ್ ಸಿಪ್ಪೆ ಹೋಗೋದು ಬೇರೆ.

ಯೂಟ್ಯೂಬ್‌ನಲ್ಲಿ ನೋಡಿರ್ತೀರಿ, ಮ್ಯಾಟ್ ಮೇಲೆ ಸೆಲ್ಫ್ ಲೆವೆಲರ್ ಸುರೀತಾರೆ. ಅದು ಆ ದೇಶದವರಿಗೆ ಸರಿ, ಅವರ ಬಾತ್‌ರೂಮ್ ನೆಲ ಸಮತಟ್ಟು, ಸ್ನಾನ ಗಾಜಿನ ಪೆಟ್ಟಿಗೆ ಒಳಗೆ. ನಮ್ಮದು ಇಡೀ ನೆಲ ಟ್ರ್ಯಾಪ್ ಕಡೆಗೆ ಇಳಿಬೇಕು. ಲೆವೆಲರ್ ಹೆಸರೇ ಹೇಳುತ್ತೆ, ಅದು ನೀರಿನ ಹಾಗೆ ಹರಿದು ಟ್ರ್ಯಾಪ್ ಹತ್ರ ದಪ್ಪ ಆಗಿ ನಿಂತು ನಿಮ್ಮ ಇಳಿಜಾರು ನುಂಗಿಬಿಡುತ್ತೆ. ಆಮೇಲೆ ಸ್ನಾನ ಆದ ಮೇಲೆ ದಿನಾ ಪೊರಕೆ ಹಿಡಿದು ನೀರು ತಳ್ಳಬೇಕು.

ಹಂಗಾಗಿ ಇಳಿಜಾರನ್ನ ಕೆಳಗಿನ ಗಾರೆಯಲ್ಲೇ ಮುಗಿಸ್ರಿ. ಹಳೇ ಗಾರೆ ಪೂರ್ತಿ ಕೀಳಿಸಿ. ಇಟ್ಟಿಗೆ ಚೂರು ಹಸಿ ಇದ್ದರೆ ಅದನ್ನೂ ತೆಗೆಸಿ ಸ್ಲ್ಯಾಬ್ ತನಕ ಹೋಗಿ ವಾಟರ್‌ಪ್ರೂಫ್ ಮಾಡಿಸ್ರಿ, ಕೆಳಗಿನ ಮನೆ ಸೀಲಿಂಗ್ ಉಳಿಯೋದು ಅದರಿಂದ. ತುಂಬಿಸಿದ ಮೇಲೆ ಹೊಸ ಗಾರೆ 1:80 ಇಳಿಜಾರಿಗೆ, ಅಂದ್ರೆ 8 ಅಡಿಗೆ 30 ಮಿಮೀ ಇಳಿತ. ಪಟ್ಟಿ ಎಳೆದು ನಯ ಮಾಡಿಸ್ರಿ, ಕಲ್ಲಿನ ಮೊನೆ ಒಂದೂ ಎದ್ದಿರಬಾರದು. ಸೆನ್ಸರ್ ಪೈಪಿಗೂ, ಮ್ಯಾಟಿನ ವೈರ್ ಜಾಯಿಂಟಿಗೂ ಅದರಲ್ಲೇ ಕಾಲುವೆ ಕೊರೆದುಬಿಡ್ರಿ. ಬಿಸಿಯಾಗುವ ಕೇಬಲ್ ಮಾಮೂಲಿ ವೈರಿಗೆ ಸೇರುವ ಆ ಜಾಯಿಂಟ್ ಕೇಬಲ್‌ಗಿಂತ ದಪ್ಪ ಇರುತ್ತೆ. ಅದು ನೆಲದೊಳಗೇ ಅಂಟಿನಲ್ಲಿ ಹೂತಿರಬೇಕು, ಬಗ್ಗಿಸಬಾರದು, ಗೋಡೆಯ ಪೈಪ್ ಒಳಗೆ ಏರಿಸಬಾರದು.

ಗಾರೆ ಮೇಲೆ ಇನ್ಸುಲೇಷನ್ ಬೋರ್ಡ್ ಹಾಕಿದರೆ ಭಾಳ ಫರಕು. ಕೆಳಗೆ 9 ಇಂಚು ಇಟ್ಟಿಗೆ ಚೂರು ಐತಿ, ಬೋರ್ಡ್ ಇಲ್ಲ ಅಂದ್ರೆ ಮೊದಲು ಅದನ್ನ ಕಾಯಿಸಿ ಆಮೇಲೆ ಟೈಲ್ಸ್ ಬೆಚ್ಚಗಾಗುತ್ತೆ, ಒಂದೂವರೆ ಎರಡು ತಾಸು. ಬೋರ್ಡ್ ಇದ್ದರೆ ಅರ್ಧ ತಾಸಿನ ಆಚೀಚೆ. ಎರಡೂ ಮೈಗೆ ಸಿಮೆಂಟ್ ಲೇಪ ಇರುವ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಬೋರ್ಡ್, 10 ಮಿಮೀ ದಪ್ಪದ್ದು, ಅಂತ ಹೇಳಿ ತರಿಸ್ರಿ. ಬರೀ "ಇನ್ಸುಲೇಷನ್ ಶೀಟ್" ಅಂತ ಕೇಳಿದರೆ ಥರ್ಮಾಕೋಲ್ ಕೊಟ್ಟು ಕಳಿಸ್ಯಾರು. ಥರ್ಮಾಕೋಲ್ ಭಾರಕ್ಕೆ ಕುಗ್ಗುತ್ತೆ, ಟೈಲ್ಸ್ ಬಿರಿಯುತ್ತೆ. ಬೋರ್ಡನ್ನ ಟೈಲ್ಸ್ ಅಂಟಿನಿಂದಲೇ ಪೂರ್ತಿ ಮೈ ಅಂಟಿಸಬೇಕು, ನಾಲ್ಕು ಮೂಲೆಗೆ ಉಂಡೆ ಇಟ್ಟು ಕೂರಿಸೋದಲ್ಲ.

ಅದರ ಮೇಲೆ ಮ್ಯಾಟ್ ಹಾಸಿ, ಪಟ್ಟಿ ಏಳದ ಹಾಗೆ ಟೇಪ್ ಹಾಕಿ. ಮೊಳೆ, ಸ್ಟೇಪ್ಲರ್ ಪಿನ್ ಬೇಡ. ಮುಚ್ಚುವ ಮೊದಲು ಗೋಡೆಯಿಂದ ಟೇಪ್ ಹಿಡಿದು ಫೋಟೋ ತೆಗೆದಿಡ್ರಿ. ಆಮೇಲೆ ಸಿ2ಟಿಇ ಎಸ್1 ದರ್ಜೆಯ ಟೈಲ್ಸ್ ಅಂಟು, ಅದು ಬಿಸಿಗೆ ಹಿಗ್ಗಿ ತಣ್ಣಗಾಗಿ ಕುಗ್ಗುವ ನೆಲದ ಜೊತೆ ಬಾಗುತ್ತೆ, ಬರೀ ಸಿಮೆಂಟ್ ಬಾಗಲ್ಲ. ಅದನ್ನ ಇಡೀ ನೆಲಕ್ಕೆ 5-6 ಮಿಮೀ ಎಳೀಬೇಕು, ಮ್ಯಾಟ್ ಇಲ್ಲದ ಅಂಚಿಗೂ ಸೇರಿಸಿ, ಇಲ್ಲಾಂದ್ರೆ ಮೆಟ್ಟಿಲು ಬೀಳುತ್ತೆ. ಪ್ಲಾಸ್ಟಿಕ್ ಕರಣೆಯಲ್ಲಿ, ಹಲ್ಲಿಲ್ಲದ ಕಡೆಯಿಂದ, ಕೇಬಲ್ ಓಡುವ ದಿಕ್ಕಿಗೇ ಎಳೆಸ್ರಿ. ಹಲ್ಲಿನ ಕಬ್ಬಿಣದ ಕರಣೆ ಕೇಬಲ್ ಮೇಲೆ ಓಡಿದರೆ ಕಥೆ ಮುಗೀತು. ಚದರ ಮೀಟರಿಗೆ, ಒಂದು ಮಿಮೀ ದಪ್ಪಕ್ಕೆ ಸುಮಾರು ಒಂದೂವರೆ ಕೆಜಿ ಲೆಕ್ಕ. ಈ ಪದರಕ್ಕೂ ಮೇಲೆ ಟೈಲ್ಸ್ ಕೂರಿಸೋದಕ್ಕೂ ಸೇರಿ 20 ಕೆಜಿ ಚೀಲ ಮೂರು ಬೇಕು, ಬೋರ್ಡ್ ಅಂಟಿಸಾಕ ಇನ್ನೊಂದು.

ಮಾರನೇ ದಿನ ಅದರ ಮೇಲೆ ಎರಡನೇ ವಾಟರ್‌ಪ್ರೂಫಿಂಗ್. ನಿಮ್ಮ ಪ್ರಶ್ನೆಗೆ ಉತ್ತರ ಇದೇರಿ: ಒಂದು ಕೆಳಗೆ ಸ್ಲ್ಯಾಬಿಗೆ, ಒಂದು ಮೇಲೆ ಮ್ಯಾಟಿಗೆ. ಎರಡು ಭಾಗ ಕಲಸುವ ಸಿಮೆಂಟ್-ಪಾಲಿಮರ್ ಲೇಪ, ಎರಡು ಕೋಟು, ಮೊದಲಿನದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದು ಅಡಿ ಏರಿಸಿ, ಷವರ್ ಕಡೆ ಆಳೆತ್ತರ. ನೆಲ ಮತ್ತು ಒಂದು ಅಡಿ ಗೋಡೆ ಸೇರಿ ಸುಮಾರು 6 ಚದರ ಮೀಟರ್, ಅದಕ್ಕೆ ತಕ್ಕ ಪ್ಯಾಕ್ ತಗೊಳ್ಳಿ. ಟಾರು, ಬಿಟುಮಿನ್ ಹಚ್ಚೋರು ಇದ್ದಾರೆ, ಬಿಸಿಗೆ ಮೆತ್ತಗಾಗುತ್ತೆ, ಕೇಬಲ್ ಹೊದಿಕೆಗೂ ಒಗ್ಗಲ್ಲ, ಬೇಡ. ಒಣಗಿದ ಮೇಲೆ ಟ್ರ್ಯಾಪ್ ಬಾಯಿಗೆ ಬಿರಡೆ ಹಾಕಿ 48 ತಾಸು ನೀರು ನಿಲ್ಲಿಸಿ ನೋಡ್ರಿ, ಆವಾಗ ಮ್ಯಾಟಿನ ವೈರಿಗೆ ಕರೆಂಟ್ ಇರಕೂಡದು.

ಒಂದು ಮಾತು ಮರೆತಿದ್ದೆ. ಬೋರ್ಡ್, ಅಂಟು, ಟೈಲ್ಸ್ ಎಲ್ಲಾ ಸೇರಿ ಗಾರೆ ಮೇಲೆ 30-35 ಮಿಮೀ ಏರುತ್ತೆ. ಹಳೇ ಗಾರೆ ಉಳಿಸಿಕೊಂಡು ಇದನ್ನ ಹಾಕಿದ್ರೆ ಬಚ್ಚಲು ಬೆಡ್‌ರೂಮಿಗಿಂತ ಎತ್ತರ ಆಗುತ್ತೆ. ಬಾಗಿಲ ಬುಡದಲ್ಲಿ ಬಚ್ಚಲು ಅರ್ಧ ಇಂಚಾದರೂ ತಗ್ಗಿರಲೇಬೇಕು. ಲೆವೆಲ್ ಟ್ಯೂಬ್ ಹಿಡಿದು ಮೊದಲೇ ಗೋಡೆ ಮೇಲೆ ಗೆರೆ ಹಾಕಿಸ್ರಿ.

ಹಂಡೆ_ಒಲೆ

ಎಲ್ಲರೂ ಹೇಗೆ ಹಾಕೋದು ಅಂತಲೇ ಹೇಳುತ್ತಿದ್ದೀರಿ. ದಾವಣಗೆರೆಯಲ್ಲಿ ಚಳಿ ಅಂತ ಇರೋದು ಎರಡು ತಿಂಗಳು. ಏಪ್ರಿಲ್‌ನಲ್ಲಿ ಇದೇ ನೆಲ ತಣ್ಣಗಿದ್ದರೆ ಪುಣ್ಯ ಅನ್ನುತ್ತೀರಿ. ಸ್ನಾನಕ್ಕೆ ಮುಂಚೆ ಎರಡು ಚೊಂಬು ಬಿಸಿನೀರು ನೆಲಕ್ಕೆ ಸುರಿದರೆ ಆಯಿತಲ್ಲ? ಇಲ್ಲ, ಗೋಡೆಗೆ ಎತ್ತರದಲ್ಲಿ ಐಪಿಎಕ್ಸ್4 (ನೀರು ಎರಚಿದರೂ ತಡೆಯುವ) ಗುರುತಿರುವ ಕ್ವಾರ್ಟ್ಜ್ ಹೀಟರ್ ಹಾಕಿಸಿ, ಕೆಟ್ಟರೆ ಬಿಚ್ಚಿ ಕೊಡಬಹುದು. ಆ ದುಡ್ಡಿನಲ್ಲಿ ಜಾರದ ಟೈಲ್ಸ್, ಕಮೋಡ್ ಪಕ್ಕ ಒಂದು, ನಲ್ಲಿ ಪಕ್ಕ ಒಂದು ಸ್ಟೀಲ್ ಹಿಡಿಕೆ ಹಾಕಿಸಿ. 74ರ ವಯಸ್ಸಿಗೆ ಚಳಿಗಿಂತ ಬೀಳೋದು ದೊಡ್ಡ ಅಪಾಯ.

ಗಾರೆಕೆಲಸ_ದುರ್ಗ

ಹಿಡಿಕೆ ಮಾತು ನೂರಕ್ಕೆ ನೂರು ಸರಿ ಐತ್ರಿ. ಗೋಡೆ ಹಾಲೋ ಬ್ಲಾಕ್ ಆಗಿದ್ದರೆ ಹಿಡಿಕೆ ಬರುವ ಕಡೆ ಈಗಲೇ ಕಾಂಕ್ರೀಟ್ ತುಂಬಿಸಿಕೊಳ್ಳಿ. ಆದರೆ ಚೊಂಬು ನೀರು ಎರಡು ನಿಮಿಷದ ಕಥೆ, ಹಸಿ ನೆಲ ಆರುವಾಗ ಮತ್ತೆ ತಣ್ಣಗಾಗುತ್ತೆ. ಮ್ಯಾಟಿನ ನಿಜವಾದ ಲಾಭ ಏನಪ್ಪಾ ಅಂದ್ರೆ ನೆಲ ಬೇಗ ಒಣಗುತ್ತೆ, ಜಿಡ್ಡು, ಪಾಚಿ ಕಟ್ಟೋದು ಕಮ್ಮಿ. ಮಳೆಗಾಲದಲ್ಲೂ ಸ್ನಾನ ಆದ ಮೇಲೆ ಅರ್ಧ ತಾಸು ಬಿಟ್ಟರೆ ಸಾಕು.

ವಿದ್ಯಾನಗರ_ಮನೆ

ಎಲ್ಲರಿಗೂ ಧನ್ಯವಾದ. ಹಿಡಿಕೆ, ಮ್ಯಾಟ್ ಎರಡೂ ಮಾಡಿಸೋದು ಅಂತ ಆಯಿತು. ಈಗ ಸಿಗುತ್ತಿರೋದು 2 ಚದರ ಮೀಟರ್, 300 ವ್ಯಾಟ್ ಮ್ಯಾಟ್, 1.5ರದ್ದು ಸ್ಟಾಕ್ ಇಲ್ಲವಂತೆ, 1 ಚದರ ಮೀಟರಿನದು ಇದೆ. 2ರದ್ದನ್ನೇ ತಂದು, ಉಳಿದ ಒಂದು ಮೀಟರನ್ನು ಕಮೋಡ್ ಹಿಂದೆ ಮಡಿಸಿಡಬಹುದಾ? ಇನ್ನೊಂದು: ಮನೆಯಲ್ಲಿ ಇನ್ವರ್ಟರ್ ಇದೆ. ಗೀಸರಿಗೆ ಆರ್‌ಸಿಸಿಬಿ ಹಾಕಿದಾಗ ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿತ್ತು ಅಂತ ವೈರ್‌ಮನ್ ತೆಗೆದುಬಿಟ್ಟಿದ್ದರು. ಇದಕ್ಕೂ ಹಾಗೇ ಆದರೆ?

ಮೆಗ್ಗರ್_ಮಾಮ

ಮಡಿಸಬಾರದು ಸರ್. ಕೇಬಲ್ ಮೇಲೆ ಕೇಬಲ್ ಬಂದ ಕಡೆ ಎರಡರ ಶಾಖ ಒಂದೇ ಕಡೆ ಸೇರುತ್ತದೆ. ಸೆನ್ಸರ್ ಇರೋದು ಇನ್ನೆಲ್ಲೋ, ಅದಕ್ಕೆ ಗೊತ್ತೇ ಆಗುವುದಿಲ್ಲ. ಜಾಲರಿಯಿಂದ ಕೇಬಲ್ ಬಿಡಿಸಿ ಗೋಡೆ ಬದಿಯ ಪಟ್ಟಿಗೆ ಹರಡಬಹುದು ಅಂದುಕೊಂಡರೂ, ಟ್ರ್ಯಾಪ್ ಇಲ್ಲದ ಕಡೆ ನಿಮಗೆ ಉಳಿದಿರೋದು 20 ಸೆಂಮೀ × 1.5 ಮೀಟರ್, ಅಂದರೆ 0.3 ಚದರ ಮೀಟರ್. ಹಂಚಬೇಕಾದ್ದು 0.5. ಹಿಡಿಯೋದಿಲ್ಲ. 1.5 ಬರುವ ತನಕ ಕಾಯಿರಿ, ಇಲ್ಲ 1 ಚದರ ಮೀಟರಿನದನ್ನೇ ತಂದು ಅಮ್ಮ ಕೂರುವ, ನಿಲ್ಲುವ ಕಡೆಗಷ್ಟೇ ಹಾಕಿ. ಅದು 150 ವ್ಯಾಟ್, ಮೀಟರಿನಲ್ಲಿ 353 ಓಮ್ ಆಸುಪಾಸು ಬರಬೇಕು. ಮ್ಯಾಟ್ ಕಮ್ಮಿ ಆದರೆ ನಡೆಯುತ್ತದೆ, ಹೆಚ್ಚಾದರೆ ನಡೆಯುವುದಿಲ್ಲ.

ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುವುದಿಲ್ಲ. ಫೇಸಿನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ಅದು ಬೀಳುತ್ತದೆ, ಅದರ ಕೆಲಸವೇ ಅದು. ಹಳೇ ಮನೆಗಳಲ್ಲಿ ಒಂದು ನ್ಯೂಟ್ರಲ್‌ನಿಂದ ಮೂರು ಲೈನಿಗೆ ಲೂಪ್ ಕೊಟ್ಟಿರುತ್ತಾರೆ, ಇನ್ವರ್ಟರ್ ನ್ಯೂಟ್ರಲ್ಲನ್ನೂ ಅದಕ್ಕೇ ಸೇರಿಸಿರುತ್ತಾರೆ. ಬೀಳದೆ ಇನ್ನೇನಾಗುತ್ತದೆ? ಮ್ಯಾಟಿನ ಲೈನಿನ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಡಿಬಿಯಿಂದ ಥರ್ಮೋಸ್ಟಾಟ್ ತನಕ ಬೇರೆಯೇ ಇರಲಿ, ನಡುವೆ ಎಲ್ಲೂ ಜಾಯಿಂಟ್ ಬೇಡ. ಇನ್ವರ್ಟರ್ ಲೈನಿಗೆ ಮ್ಯಾಟ್ ಕೊಡಬೇಡಿ. ಗೀಸರಿನದನ್ನೂ ಹೀಗೇ ಬೇರ್ಪಡಿಸಿ ಆರ್‌ಸಿಸಿಬಿ ವಾಪಸ್ ಹಾಕಿಸಿ. ನ್ಯೂಟ್ರಲ್ ಸರಿ ಮಾಡಿದ ಮೇಲೂ ಬಿದ್ದರೆ ಗೀಸರ್ ಕಾಯಿಲ್ ಸೋರುತ್ತಿದೆ ಅಂತ ಅರ್ಥ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಾಯಿಲ್ ಹೊದಿಕೆ ಬಿರಿಯೋದು ನಮ್ಮ ಕಡೆ ಮಾಮೂಲು.

ತಾಯಿಯವರಿಗೆ ಸಕ್ಕರೆ ಕಾಯಿಲೆ ಅಂದಿರಿ. ಪಾದದ ಸ್ಪರ್ಶ ಕಮ್ಮಿ ಇದ್ದರೆ ನೆಲ ಸುಡುವುದು ಅವರಿಗೆ ತಿಳಿಯುವುದಿಲ್ಲ. ಥರ್ಮೋಸ್ಟಾಟಿನಲ್ಲಿ ನೆಲದ ಗರಿಷ್ಠ ಮಿತಿ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು 28 ಡಿಗ್ರಿಗೆ ಲಾಕ್ ಮಾಡಿ. ಮಾಮೂಲಿ ಬೆಚ್ಚಗಿರಲು 27 ಸಾಕು. ರಬ್ಬರ್ ಮ್ಯಾಟ್, ತಳ ಅಗಲದ ಪ್ಲಾಸ್ಟಿಕ್ ಟಬ್ ನೆಲದ ಮೇಲೆ ಸದಾ ಇಡಬೇಡಿ, ಅದರಡಿ ಶಾಖ ಸಿಕ್ಕಿಕೊಂಡು ಏರುತ್ತದೆ. ಕಾಲಿರುವ ಸ್ಟೂಲ್ ಒಳ್ಳೆಯದು. ಟೈಮರ್ 5 ಗಂಟೆಗೆ ಶುರು, 7ಕ್ಕೆ ಬಂದ್.

ಗಾರೆಕೆಲಸ_ದುರ್ಗ

ಕೊನೆಗೆ ಟೈಲ್ಸ್, ಕಮೋಡ್. ಟೈಲ್ಸ್ 1×1 ಅಡಿಯದು, ಹೊಳಪಿಲ್ಲದ ಮೈಯದು, ಆರ್11 (ಜಾರದ ದರ್ಜೆ) ಅಂತ ಬರೆದಿರೋದು ತಗೊಳ್ಳಿ. 2×2 ಅಡಿಯದು ಇಳಿಜಾರಿಗೆ ಕೂರಲ್ಲ. ಗ್ರಾನೈಟ್, ಕಡಪಾ ಹಾಕಬಹುದು, ಆದರೆ 18-20 ಮಿಮೀ ದಪ್ಪದ ಕಲ್ಲು ಕಾಯಾಕ ನಿಧಾನ. ನಡುವೆ 2-3 ಮಿಮೀ ಸ್ಪೇಸರ್ ಇಡಿಸಿ, ಒತ್ತೊತ್ತಾಗಿ ಕೂರಿಸಿದರೆ ಬಿಸಿಗೆ ಹಿಗ್ಗಿ ಎದ್ದು ಬರ್ತಾವೆ. ನೆಲ ಗೋಡೆ ಸೇರುವ ಮೂಲೆಗೆ ಗ್ರೌಟ್ ಬೇಡ, ಸಿಲಿಕೋನ್.

ಕಮೋಡ್ ಕೂರಿಸೋದು ಪ್ಲಂಬರ್, ಅವನಿಗೆ ಮ್ಯಾಟ್ ಇರೋದೇ ಗೊತ್ತಿರಲ್ಲ. ಡ್ರಿಲ್ ಹಿಡಿಯುವ ಮೊದಲು ಆ ಫೋಟೋ ಅವನ ಕೈಗೆ ಕೊಡ್ರಿ. ಕಮೋಡಿನ ನಾಲ್ಕು ಸ್ಕ್ರೂ ಜಾಗ ನೆಲದ ಮೇಲೆ ಮೊದಲೇ ಗುರುತು ಮಾಡಿ ಅದರ ಸುತ್ತ ಮ್ಯಾಟ್ ಬರದ ಹಾಗೆ ನೋಡ್ಕೊಂಡಿದ್ದರೆ ಚಿಂತೆ ಇಲ್ಲ. ಬಾಗಿಲಿಗೆ ಅಡ್ಡ ಪಟ್ಟಿ, ಡೋರ್ ಸ್ಟಾಪರ್ ಅಂತ ಬಡಗಿ ಬಂದಾಗಲೂ ಅಷ್ಟೇ.

ಟೈಲ್ಸ್ ಕೂತ ದಿನದಿಂದ 7 ದಿನ ಸ್ವಿಚ್ ಮುಟ್ಟಬೇಡ್ರಿ. ಬೋರ್ಡ್ ಇಲ್ಲದೆ ನೇರ ಹೊಸ ಗಾರೆ ಮೇಲೆ ಹಾಕಿದ್ದರೆ ಗಾರೆ ಹಾಕಿ 28 ದಿನ ಆಗಬೇಕು. ಬೇಗ ಒಣಗಲಿ ಅಂತ ಮ್ಯಾಟ್ ಹಚ್ಚಿದರೆ ಅಂಟು ಗಟ್ಟಿಯಾಗುವ ಮೊದಲೇ ಅದರ ನೀರು ಆರಿಹೋಗಿ ಟೈಲ್ಸ್ ಡೊಳ್ಳು ಹೊಡೀತಾವೆ. ಮೊದಲ ಸಲ 20ಕ್ಕೆ ಇಟ್ಟು ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಏರಿಸ್ರಿ. ನಮ್ಮ ಕಡೆ ಹಗಲು ನೆಲವೇ 24-25 ಇರುತ್ತೆ, ಹಂಗಾಗಿ ಮ್ಯಾಟ್ ಹತ್ತಿಲ್ಲ ಅಂತ ಗಾಬರಿ ಬೇಡ, ಬೆಳಗಿನ ಜಾವ ನೋಡ್ರಿ.